ಪುಸ್ತಕದ ಹೊರೆಯೂ ಬೆನ್ನೆಲುಬೂ

ಮೈಸೂರಿನ ರೈಲು ನಿಲ್ದಾಣಕ್ಕೆ ಅನತಿದೂರದಲ್ಲಿ, ತುಸು ಏರಿದ ನೆಲದ ಮೇಲೆ ಹಬ್ಬಿರುವ ಬಡಾವಣೆ ಯಾದವಗಿರಿ. ಆಕಾಶವಾಣಿ ಕೇಂದ್ರವೂ ಶ್ರೀ ರಾಮಕೃಷ್ಣ ಆಶ್ರಮವೂ ಇರುವುದು ಇಲ್ಲಿಯೇ. ಇಲ್ಲಿನ ಒಂದು ಬಿಳಿಯ ಮಹಡಿಮನೆಯಲ್ಲಿ, ಇಂಗ್ಲಿಷಿನಲ್ಲಿ ಬರೆದು ಜಗತ್ಪ್ರಸಿದ್ಧರಾದ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು 1950ರ ದಶಕದಿಂದ ಮೊದಲುಗೊಂಡು ಬಹುಕಾಲ ವಾಸವಾಗಿದ್ದರು. 2016ರಿಂದ ಆ ಮನೆ ಅವರ ನೆನಪಿನ ವಸ್ತುಸಂಗ್ರಹಾಲಯವಾಗಿದೆ. ನಾರಾಯಣ್ ಅವರು 1986ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1989ರ ಏಪ್ರಿಲ್ ತಿಂಗಳಲ್ಲಿ ಅವರು ಆ ಸಭೆಯಲ್ಲಿ ತಮ್ಮ ಮೊದಲ ಭಾಷಣವನ್ನು ಮಾಡಿದಾಗ ಆರಿಸಿಕೊಂಡ ವಿಷಯ ಸಾಹಿತ್ಯವಾಗಿರಲಿಲ್ಲ. ಶಾಲೆಗೆ ಹೋಗುವ ಮಕ್ಕಳ ಬೆನ್ನಿನ ಮೇಲಿರುವ ಪುಸ್ತಕದ ಚೀಲವಾಗಿತ್ತು. ಮಗುವೊಂದು ಆರೆಂಟು ಕಿಲೋಗ್ರಾಂ ಪುಸ್ತಕಗಳನ್ನು ಹೇರುಗತ್ತೆಯಂತೆ ದಿನವೂ ಹೊರುತ್ತದೆ. ಅದರಿಂದ ಗೂನುಬಗ್ಗಿ, ಕೈಗಳನ್ನು ವಾನರನಂತೆ ಮುಂದಕ್ಕೆ ಇಳಿಬಿಟ್ಟು ನಡೆಯುವಂತಾಗುತ್ತದೆ. ಕೆಲವು ಮಕ್ಕಳ ಬೆನ್ನೆಲುಬಿಗೇ ಹಾನಿಯಾದುದುಂಟು ಎಂಬುದು ಅವರ ಮಾತಿನ ಸಾರ.

ಆ ಭಾಷಣ ಅಂದಿಗೇ ಮರೆತುಹೋಗಲಿಲ್ಲ. 1992ರಲ್ಲಿ ಕೇಂದ್ರ ಸರ್ಕಾರವು ವಿಜ್ಞಾನಿ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. 1993ರಲ್ಲಿ ಆ ಸಮಿತಿ ವರದಿಯನ್ನು ಒಪ್ಪಿಸಿತು. ಬಹಳ ತಡವಾಗಿಯಾದರೂ 2019ರಲ್ಲಿ ಕರ್ನಾಟಕ ಸರ್ಕಾರ ಚೀಲದ ತೂಕಕ್ಕೆ ಮಿತಿಯನ್ನು ಗೊತ್ತುಪಡಿಸಿತು: 1 ಮತ್ತು 2ನೆಯ ತರಗತಿಗಳಿಗೆ ಒಂದೂವರೆಯಿಂದ 2 ಕಿಲೋಗ್ರಾಂ, 3ರಿಂದ 5ನೆಯ ತರಗತಿಯವರೆಗೆ 2ರಿಂದ 3, 6ರಿಂದ 8ರವರೆಗೆ 3ರಿಂದ 4, 9 ಮತ್ತು 10ನೆಯ ತರಗತಿಗಳಿಗೆ 4ರಿಂದ 5. ಮಗುವಿನ ದೇಹದ ತೂಕದ ಹತ್ತನೆಯ ಒಂದು ಪಾಲಿಗಿಂತ ಹೊರೆ ಹೆಚ್ಚಾಗಕೂಡದೆಂಬುದು ಇದರ ಹಿಂದಿನ ತತ್ತ್ವ.

ಕಾದಂಬರಿಕಾರನ ಕಣ್ಣಿಗೆ ಬಿದ್ದ ಆ ಗೂನಿನ ವಿಷಯದಲ್ಲಿ ಶರೀರವಿಜ್ಞಾನ ಏನು ಹೇಳುತ್ತದೆ? ಚೀಲ ಬೆನ್ನನ್ನು ನಿಜವಾಗಿಯೂ ಬಗ್ಗಿಸುತ್ತದೆಯೆ? ಬಗ್ಗಿಸಿದರೆ ಅದು ಹಾಗೆಯೇ ಉಳಿಯುತ್ತದೆಯೆ? ಪರೀಕ್ಷೆಯ ಮುನ್ನಾದಿನ ಕತ್ತು ಹಿಡಿದುಕೊಂಡು, ನಡು ಸೆಟೆದುಕೊಂಡು ಒದ್ದಾಡುವ ವಿದ್ಯಾರ್ಥಿಗಳಿಗೆ ಇವು ಬರಿಯ ಕುತೂಹಲದ ಪ್ರಶ್ನೆಗಳಲ್ಲ. ಇವಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಬೆನ್ನೆಲುಬಿನ ರಚನೆಯನ್ನು ಕೊಂಚ ತಿಳಿಯಬೇಕು.

ಬೆನ್ನೆಲುಬು ಎಂದು ಏಕವಚನದಲ್ಲಿ ಕರೆದರೂ ಅದು ಒಂದು ಎಲುಬಲ್ಲ. ಕತ್ತಿನಲ್ಲಿ 7, ಎದೆಯ ಹಿಂಬದಿಯಲ್ಲಿ 12, ಸೊಂಟದಲ್ಲಿ 5, ಹೀಗೆ 24 ಬಿಡಿಬಿಡಿಯಾದ ಮಣಿಗಳು ಒಂದರ ಮೇಲೊಂದು ಕುಳಿತಿವೆ; ಅವುಗಳ ಕೆಳಗೆ ಒಂದಾಗಿ ಬೆಸೆದುಕೊಂಡ ತ್ರಿಕಾಸ್ಥಿಯೂ, ಬಾಲದ ಕುರುಹಾಗಿ ಉಳಿದಿರುವ ಚಿಕ್ಕ ಎಲುಬೂ ಇವೆ. ಪ್ರತಿಯೊಂದು ಮಣಿಯ ಹಿಂಬದಿಯಲ್ಲಿಯೂ ಒಂದು ಉಂಗುರವಿದೆ. ಈ ಉಂಗುರಗಳ ಸಾಲಿನೊಳಗಿನಿಂದ, ಬಳೆಗಳೊಳಗೆ ಪೋಣಿಸಿದ ದಾರದಂತೆ, ಬೆನ್ನುಹುರಿ ಇಳಿದುಬರುತ್ತದೆ. ಅದರಿಂದ ಜೋಡಿಜೋಡಿಯಾಗಿ ನರಗಳು ಕವಲೊಡೆದು ಕೈಕಾಲುಗಳಿಗೂ ಒಡಲಿಗೂ ಹೋಗುತ್ತವೆ. ಸೊಂಟದಲ್ಲಿ ತೊಂದರೆಯಾದಾಗ ಕಾಲಿನಲ್ಲಿ ನೋವು ಹರಿಯುವುದೂ, ಕತ್ತಿನ ತೊಂದರೆಗೆ ಬೆರಳು ಜುಮ್ಮೆನ್ನುವುದೂ ಇದೇ ಕಾರಣದಿಂದ.

ಪಕ್ಕದಿಂದ ನೋಡಿದರೆ ಈ ಕಂಬ ನೆಟ್ಟಗಿಲ್ಲ. ಹುಟ್ಟಿದ ಕೂಸಿನ ಬೆನ್ನು ಒಂದೇ ಬಾಗು, ತೊಟ್ಟಿಲಿನ ತಳದಂತೆ. ಕೂಸು ಕವುಚಿಕೊಂಡು ತಲೆಯೆತ್ತಿ ನೋಡಲಾರಂಭಿಸಿದಾಗ ಕತ್ತಿನಲ್ಲಿ ಒಳಬಾಗು ಮೂಡುತ್ತದೆ. ಎದ್ದು ನಿಂತು ಹೆಜ್ಜೆಯಿಡಲು ಕಲಿತಾಗ ಸೊಂಟದಲ್ಲಿ ಇನ್ನೊಂದು ಮೂಡುತ್ತದೆ. ಹೀಗೆ ಎರಡು ಒಳಬಾಗುಗಳೂ ಎದೆಯ ಹಿಂದಿನ ಹೊರಬಾಗೂ ಸೇರಿ ಕಂಬಕ್ಕೆ ಒಂದು ಬಗೆಯ ಸುರುಳಿತಂತಿಯ ಗುಣ ಬರುತ್ತದೆ. ‘ಬೆನ್ನು ನೆಟ್ಟಗಿಡು’ ಎಂದು ಉಪಾಧ್ಯಾಯರು ಗದರಿಸುವುದುಂಟು. ಅಕ್ಷರಶಃ ನೆಟ್ಟಗೆ ಇಟ್ಟರೆ ಆರೋಗ್ಯವಂತನ ಬೆನ್ನಾಗದು!

ಮಣಿಗಳಿಗಿಂತಲೂ ವಿಚಿತ್ರವಾದ ವಸ್ತು ಅವುಗಳ ನಡುವೆ ಇದೆ. ಕತ್ತಿನ ಎರಡನೆಯ ಮಣಿಯ ಕೆಳಗಿನಿಂದ ತ್ರಿಕಾಸ್ಥಿಯವರೆಗೆ 23 ಮೆತ್ತೆಗಳಿವೆ. ವೈದ್ಯರು ಇವನ್ನು ಡಿಸ್ಕ್ ಎನ್ನುತ್ತಾರೆ, ನಾವು ಬಿಲ್ಲೆ ಎನ್ನೋಣ. ಬಿಲ್ಲೆಯ ಹೊರಭಾಗ ಈರುಳ್ಳಿಯ ಪದರಗಳಂತೆ ಒಂದರೊಳಗೊಂದು ಸುತ್ತಿದ ಗಟ್ಟಿನಾರಿನ ಬಳೆಗಳಿಂದಾದುದು. ಒಳಗಡೆ ತಾಟಿನುಂಗಿನ ತಿರುಳಿನಂಥ, ನೀರೇ ಹೆಚ್ಚಾಗಿರುವ ಮೃದುವಾದ ಗಟ್ಟಿ. ಬೆನ್ನೆಲುಬಿನ ಉದ್ದದ ಸುಮಾರು ನಾಲ್ಕನೆಯ ಒಂದು ಪಾಲು ಈ ಬಿಲ್ಲೆಗಳದೇ. ಬೆಳೆದ ಮನುಷ್ಯನ ಬಿಲ್ಲೆಯ ಒಡಲಿನೊಳಕ್ಕೆ ರಕ್ತನಾಳಗಳು ಹೋಗುವುದಿಲ್ಲ. ಅದಕ್ಕೆ ಬೇಕಾದ ಆಹಾರವೆಲ್ಲ ನೆರೆಯ ಮಣಿಗಳ ರಕ್ತದಿಂದ ಜಿನುಗಿ ಬರಬೇಕು. ದೇಹ ಚಲಿಸುತ್ತಿರುವಾಗ ಬಿಲ್ಲೆ ಒತ್ತಿಕೊಳ್ಳುತ್ತದೆ, ಸಡಿಲವಾಗುತ್ತದೆ. ನೀರನ್ನು ಬಿಡುತ್ತದೆ, ಹೀರುತ್ತದೆ. ಬೆನ್ನಿನ ಆರೈಕೆಯ ವಿಷಯದಲ್ಲಿ ಮುಂದೆ ಹೇಳುವ ಅನೇಕ ಸಂಗತಿಗಳು ಈ ಒಂದು ಸಂಗತಿಯ ಜೊತೆಗೆ ಹೊಂದಿಕೊಳ್ಳುವುದನ್ನು ವಾಚಕರು ಗಮನಿಸಬಹುದು.

ಬಿಲ್ಲೆಗಳು ನೀರನ್ನು ಬಿಡುವುದನ್ನು ಯಾರು ಬೇಕಾದರೂ ಮನೆಯಲ್ಲಿ ಅಳೆದು ನೋಡಬಹುದು. ಬೆಳಗ್ಗೆ ಹಾಸಿಗೆಯಿಂದ ಎದ್ದೊಡನೆ ಗೋಡೆಗೆ ಬೆನ್ನುಕೊಟ್ಟು ಬರಿಗಾಲಿನಲ್ಲಿ ನಿಲ್ಲಿ. ತಲೆಯ ಮೇಲೆ ಒಂದು ಗಟ್ಟಿರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ಸಮಮಟ್ಟವಾಗಿ ಹಿಡಿದು, ಅದರ ಕೆಳ ಅಂಚಿಗೆ ಪೆನ್ಸಿಲಿನಿಂದ ಗುರುತು ಹಾಕುವಂತೆ ತಮ್ಮನಿಗೋ ತಂಗಿಗೋ ಹೇಳಿ. ರಾತ್ರಿ ಮಲಗುವ ಮೊದಲು ಮತ್ತೆ ಅದೇ ಸ್ಥಳದಲ್ಲಿ ನಿಂತು ಅಳೆಯಿರಿ. ಗುರುತು ಒಂದು ಸೆಂಟಿಮೀಟರಿನಷ್ಟು, ಕೆಲವರಲ್ಲಿ ಅದಕ್ಕೂ ಹೆಚ್ಚು, ಕೆಳಗೆ ಬಂದಿರುತ್ತದೆ. ನಷ್ಟದ ಹೆಚ್ಚಿನ ಪಾಲು ಎದ್ದ ಮೊದಲ ಕೆಲವು ಗಂಟೆಗಳಲ್ಲಿಯೇ ಆಗುತ್ತದೆ; ರಾತ್ರಿ ಮಲಗಿದಾಗ ಬಿಲ್ಲೆಗಳು ನೀರನ್ನು ಮರಳಿ ಹೀರುವುದರಿಂದ ಬೆಳಗಿಗೆ ಮತ್ತೆ ಮೊದಲಿನ ಎತ್ತರ. ಗುರುತ್ವದ ಒತ್ತಡವೇ ಅನುಭವಕ್ಕೆ ಬಾರದ ಅಂತರಿಕ್ಷನೌಕೆಯಲ್ಲಿ ಯಾತ್ರಿಗಳು ತಮ್ಮ ಎತ್ತರದ ನೂರಕ್ಕೆ ಮೂರು ಪಾಲಿನವರೆಗೆ ಉದ್ದವಾಗುವುದುಂಟು. ಹಾಗೆ ಉದ್ದವಾದುದರಿಂದ ಅವರಿಗೆ ಸುಖವೇನೂ ಇಲ್ಲ. ಅವರಲ್ಲಿ ಅನೇಕರು ಅಲ್ಲಿ ಬೆನ್ನುನೋವನ್ನು ಅನುಭವಿಸುತ್ತಾರೆ. ಭಾರವೇ ಇಲ್ಲದಿರುವುದೂ ಬೆನ್ನಿಗೆ ಒಗ್ಗದು.

ಇನ್ನು ಚೀಲದ ಲೆಕ್ಕ. 40 ಕಿಲೋಗ್ರಾಂ ತೂಗುವ ಹುಡುಗಿಯೊಬ್ಬಳು 6 ಕಿಲೋಗ್ರಾಂ ಚೀಲವನ್ನು ಬೆನ್ನಿಗೇರಿಸಿದ್ದಾಳೆ ಎನ್ನೋಣ. ಚೀಲದ ಗುರುತ್ವಕೇಂದ್ರವು ಅವಳ ದೇಹದ ಗುರುತ್ವಕೇಂದ್ರಕ್ಕಿಂತ 20 ಸೆಂಟಿಮೀಟರ್ ಹಿಂದಿದ್ದರೆ, ಎರಡೂ ಸೇರಿದ ಗುರುತ್ವಕೇಂದ್ರ 6ನ್ನು 20ರಿಂದ ಗುಣಿಸಿ 46ರಿಂದ ಭಾಗಿಸಿದಷ್ಟು, ಎಂದರೆ ಎರಡೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು, ಹಿಂದಕ್ಕೆ ಸರಿಯುತ್ತದೆ. ಅವಳು ಸುಮ್ಮನಿದ್ದರೆ ಭಾರ ಹಿಮ್ಮಡಿಯ ಕಡೆಗೆ ವಾಲುತ್ತದೆ. ಆದುದರಿಂದ ಅವಳು ತನಗರಿವಿಲ್ಲದೆಯೇ ಮುಂದಕ್ಕೆ ಬಾಗಿ ಆ ಕೇಂದ್ರವನ್ನು ಮತ್ತೆ ಪಾದಗಳ ಮೇಲಕ್ಕೆ ತಂದುಕೊಳ್ಳುತ್ತಾಳೆ. ಬಾಗಿದ ಮೇಲೆ ದಾರಿ ಕಾಣಬೇಕಲ್ಲ. ಅದಕ್ಕಾಗಿ ಗದ್ದವನ್ನು ಮುಂದೆ ಚಾಚಿ ತಲೆಯೆತ್ತುತ್ತಾಳೆ. ನಾರಾಯಣ್ ಅವರು ಕಂಡ ಗೂನು ಇದೇ. ಅವರ ನೋಟ ತಪ್ಪಿರಲಿಲ್ಲ. ಚೀಲವನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡರೆ ಬಾಗು ಪಕ್ಕಕ್ಕೆ ತಿರುಗುತ್ತದೆ. ಚೀಲದ ಪಟ್ಟಿಗಳು ಸಡಿಲವಾಗಿದ್ದು ಅದು ಪೃಷ್ಠದವರೆಗೆ ಇಳಿದುಬಿದ್ದರೆ, ಭಾರ ಇನ್ನೂ ಹಿಂದೆ ಹೋಗಿ ಬಾಗು ಇನ್ನೂ ಹೆಚ್ಚುತ್ತದೆ. ರೈಲು ನಿಲ್ದಾಣಗಳಲ್ಲಿ ಹಮಾಲರು ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ನೆಟ್ಟಗೆ ನಡೆದುಹೋಗುವುದನ್ನು ಯಾರೂ ಕಂಡಿದ್ದೇವೆ. ಅಲ್ಲಿ ಭಾರ ಬೆನ್ನೆಲುಬಿನ ನೇರದಲ್ಲಿಯೇ ಇಳಿಯುವುದರಿಂದ ಬಾಗುವ ಅವಶ್ಯಕತೆ ಬೀಳುವುದಿಲ್ಲ; ಆದರೆ ಆ ಭಾರವನ್ನೆಲ್ಲ ಕತ್ತಿನ ಪುಟ್ಟ ಮಣಿಗಳು ತಾಳಬೇಕಾಗುವುದರಿಂದ ಇದನ್ನು ವಿದ್ಯಾರ್ಥಿಗಳಿಗೆ ಯಾರೂ ಶಿಫಾರಸು ಮಾಡಲಾರರು.

ಬೆನ್ನಿನ ಹಿಂದೆ ಹೊತ್ತ ಭಾರಕ್ಕಿಂತ ಕೈಚಾಚಿ ಮುಂದೆ ಎತ್ತಿದ ಭಾರ ಹೆಚ್ಚು ದುಬಾರಿ. ಬೆನ್ನಿನ ಸ್ನಾಯುಗಳು ಮಣಿಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಎಳೆಯುತ್ತವೆ. ಕೈಯಲ್ಲಿರುವ ನೀರಿನ ಬಕೀಟು 40 ಸೆಂಟಿಮೀಟರ್ ಮುಂದಿದೆ. ಏತದ ಸೂತ್ರವನ್ನು ಓದಿದವರಿಗೆ ಉಳಿದುದು ಸುಲಭ: 10 ಕಿಲೋಗ್ರಾಂ ಬಕೀಟನ್ನು ಹಿಡಿದಿಡಲು ಸ್ನಾಯುಗಳು 80 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕು, ಆ ಎಳೆತವೆಲ್ಲ ಬಿಲ್ಲೆಯ ಮೇಲೆ ಬೀಳಬೇಕು. ಇದು ಬರಿಯ ಲೆಕ್ಕವಲ್ಲ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ ಅವರು 1960ರ ದಶಕದಲ್ಲಿ ಜೀವಂತ ಮನುಷ್ಯರ ಬಿಲ್ಲೆಯೊಳಕ್ಕೇ ಸೂಜಿಯನ್ನಿಳಿಸಿ ಒತ್ತಡವನ್ನು ಅಳೆದರು. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ಸಂಶೋಧಕರು ತಮ್ಮ ಸಹೋದ್ಯೋಗಿಯೊಬ್ಬನ ಸೊಂಟದ ಬಿಲ್ಲೆಯಲ್ಲಿ ಚಿಕ್ಕ ಮಾಪಕವೊಂದನ್ನು ಇಟ್ಟು ಇಡೀ ದಿನ ಅಳತೆ ಮಾಡಿದರು. ಸುಮ್ಮನೆ ನಿಂತಾಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಐದು ಪಾಲು. ಕಾರಿನ ಗಾಲಿಯಲ್ಲಿ ತುಂಬುವ ಗಾಳಿಯ ಒತ್ತಡದ ಎರಡರಷ್ಟು. ಮಲಗಿದಾಗ ಅದು ಐದನೆಯ ಒಂದಕ್ಕೆ ಇಳಿಯಿತು. 20 ಕಿಲೋಗ್ರಾಂ ಭಾರವನ್ನು ಬೆನ್ನು ಬಗ್ಗಿಸಿ ಎತ್ತಿದಾಗ ನಿಂತಾಗಿನ ನಾಲ್ಕೂವರೆ ಪಾಲಾಯಿತು. ಮಂಡಿ ಮಡಿಸಿ ಎತ್ತಿದಾಗ ಸುಮಾರು ಮೂರೂವರೆ ಪಾಲು. ಅದೇ ಭಾರವನ್ನು ಮೈಗೆ ಒತ್ತಿಹಿಡಿದಾಗ ಎರಡು ಪಾಲಿಗಿಂತ ತುಸು ಹೆಚ್ಚು ಮಾತ್ರ. ಹೇಗೆ ಬಾಗಿದರೆ ಸರಿ ಎಂಬ ವಾದಕ್ಕಿಂತ, ಭಾರವನ್ನು ಮೈಗೆ ಹತ್ತಿರ ತಂದುಕೊಳ್ಳುವುದೇ ಮುಖ್ಯವೆಂದು ಈ ಅಂಕೆಗಳು ಹೇಳುತ್ತವೆ.

ಉಲ್ಮ್ ನಗರದ ಅಳತೆಗಳಲ್ಲಿ ಇನ್ನೊಂದು ಸ್ವಾರಸ್ಯವುಂಟು. ಕುಳಿತಾಗ ಬಿಲ್ಲೆಯ ಮೇಲಿನ ಒತ್ತಡ ನಿಂತಾಗಿನದಕ್ಕಿಂತ ಬಹಳ ಹೆಚ್ಚೆಂದು ನಾಕೆಮ್ಸನ್ ಹೇಳಿದ್ದರು. ಆ ಮಾತು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಇತ್ತು. ಹೊಸ ಅಳತೆಯಲ್ಲಿ ಸಡಿಲವಾಗಿ ಕುಳಿತಾಗಿನ ಒತ್ತಡ ನಿಂತಾಗಿನದಕ್ಕಿಂತ ಕೊಂಚ ಕಡಿಮೆಯೇ ಕಂಡಿತು. ಹಾಗಾದರೆ ಮೂರು ಗಂಟೆ ಅಲುಗಾಡದೆ ಕುಳಿತು ಓದಿದವನ ಬೆನ್ನು ಏಕೆ ನೋಯುತ್ತದೆ? ಕುಳಿತುದು ತಪ್ಪಲ್ಲ, ಅಲುಗಾಡದಿದ್ದುದು ತಪ್ಪು. ಒಂದೇ ಭಂಗಿಯಲ್ಲಿ ಬಿಗಿಹಿಡಿದ ಸ್ನಾಯು ದಣಿಯುತ್ತದೆ. ಬಿಲ್ಲೆಗೂ ನೀರಿನ ಹೋಗುಬರವು ಮಂದವಾಗುತ್ತದೆ. ಕತ್ತಿನ ವಿಷಯವೂ ಹೀಗೆಯೇ. ಸುಮಾರು 5 ಕಿಲೋಗ್ರಾಂ ತೂಗುವ ತಲೆಯನ್ನು 60 ಅಂಶ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋಗ್ರಾಂ ಭಾರ ಬೀಳುತ್ತದೆಂಬ 2014ರ ಲೆಕ್ಕವೊಂದು ಬಹಳ ಪ್ರಚಾರಕ್ಕೆ ಬಂದಿದೆ. ಇದು ಮಾದರಿಯೊಂದರಿಂದ ಗಣಿಸಿದ ಸಂಖ್ಯೆ, ಮನುಷ್ಯನ ಕತ್ತಿನಲ್ಲಿ ಅಳೆದುದಲ್ಲ. ಮೊಬೈಲಿನ ಮೇಲೆ ಬಾಗಿದವರೆಲ್ಲರ ಕತ್ತೂ ಕೆಡುತ್ತದೆಂದು ಇದರಿಂದ ತೀರ್ಮಾನಿಸಲಾಗದು. ಆದರೆ ಬಾಗಿದಷ್ಟೂ ಹಿಂಗತ್ತಿನ ಸ್ನಾಯುಗಳಿಗೆ ದುಡಿಮೆ ಹೆಚ್ಚೆಂಬುದು ಏತದ ಸೂತ್ರದಂತೆ ನಿಶ್ಚಯ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಚೀಲದಿಂದಾದ ಬಾಗು ಚೀಲವನ್ನಿಳಿಸಿದ ಮೇಲೂ ಉಳಿಯುತ್ತದೆಯೆ? ಅದು ನೋವನ್ನು ತರುತ್ತದೆಯೆ? 2018ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ, ಶಾಲಾಮಕ್ಕಳ ಚೀಲವನ್ನು ಕುರಿತ 69 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಲಾಯಿತು. ಚೀಲದ ತೂಕವಾಗಲಿ ಅದನ್ನು ಹೊರುವ ರೀತಿಯಾಗಲಿ ಮಕ್ಕಳ ಬೆನ್ನುನೋವನ್ನು ಹೆಚ್ಚಿಸುತ್ತದೆಂಬುದಕ್ಕೆ ನಂಬಲರ್ಹವಾದ ಪುರಾವೆ ದೊರೆಯಲಿಲ್ಲ. ಹದಿಹರೆಯದಲ್ಲಿ ಕೆಲವರ ಬೆನ್ನೆಲುಬು ಪಕ್ಕಕ್ಕೆ ಸೊಟ್ಟಗಾಗುವ ಒಂದು ವಿಕಾರವುಂಟು. ಅದಕ್ಕೂ ಚೀಲಕ್ಕೂ ಸಂಬಂಧವಿರುವುದು ತಿಳಿದುಬಂದಿಲ್ಲ. ಎಂದರೆ, ನಾರಾಯಣ್ ಅವರು ಕಂಡ ಗೂನು ನಿಜ. ಅದು ಶಾಶ್ವತವಾದ ಹಾನಿಯೆಂಬ ಭಯಕ್ಕೆ ಮಾತ್ರ ಆಧಾರ ಸಾಲದು.

ಇದನ್ನು ಕೇಳಿ ಶಾಲೆಗಳು ಚೀಲವನ್ನು ಮತ್ತೆ ತುಂಬಲು ಹೊರಟರೆ ಅದು ವಿಜ್ಞಾನದ ಅಪಾರ್ಥವಾದೀತು. 30 ಕಿಲೋಗ್ರಾಂ ತೂಗುವ ಮಗು 8 ಕಿಲೋಗ್ರಾಂ ಹೊತ್ತು ಬಸ್ಸು ಹತ್ತಬೇಕೆಂದರೆ, ಅದರ ಬೆನ್ನು ಮುರಿಯದಿರಬಹುದು, ಆದರೆ ಮಗು ದಣಿಯುತ್ತದೆ, ಮುಗ್ಗರಿಸುತ್ತದೆ. ದಣಿವನ್ನು ತಪ್ಪಿಸಲು ಪುರಾವೆ ಕಾಯುತ್ತ ಕೂರಬೇಕಾಗಿಲ್ಲ. ಯಶಪಾಲ್ ಸಮಿತಿ ತನ್ನ ವರದಿಯಲ್ಲಿ ಇನ್ನೊಂದು ಮಾತು ಹೇಳಿತ್ತು: ಚೀಲದ ಭಾರಕ್ಕಿಂತಲೂ ಅರ್ಥವಾಗದ ಪಾಠದ ಭಾರ ಕೆಟ್ಟದು. ಸಮಿತಿ ಇದನ್ನು ಶಿಕ್ಷಣದ ದೃಷ್ಟಿಯಿಂದ ಹೇಳಿದ್ದು. ಆದರೆ ಬೆನ್ನುನೋವನ್ನು ಅಭ್ಯಸಿಸುವವರು ಇಂದು ಬಹುಮಟ್ಟಿಗೆ ಅದೇ ದಿಕ್ಕಿಗೆ ಬಂದಿದ್ದಾರೆ. ನಿದ್ರೆಗೆಟ್ಟವರಲ್ಲಿ, ಚಿಂತೆಗೊಳಗಾದವರಲ್ಲಿ ನೋವು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ, ಬೇಗ ಬಿಡುವುದೂ ಇಲ್ಲ. ನೋವೆಂಬುದು ಎಲುಬಿನಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುವ ಸಂಗತಿಯಲ್ಲ. ನರಮಂಡಲವೆಲ್ಲ ಸೇರಿ ಕೊಡುವ ಎಚ್ಚರಿಕೆ ಅದು, ಕೆಲವು ವೇಳೆ ಅಗತ್ಯಕ್ಕಿಂತ ಗಟ್ಟಿಯಾಗಿ ಕೂಗುವ ಎಚ್ಚರಿಕೆ.

ವೈದ್ಯರಿಗೂ ಈ ತಿಳಿವಳಿಕೆ ಸುಲಭವಾಗಿ ಬಂದುದಲ್ಲ. 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ಬಿಲ್ಲೆಯ ತಿರುಳು ಹೊರಕ್ಕೆ ಚಿಮ್ಮಿ ನರವನ್ನು ಒತ್ತುವುದರಿಂದ ಕಾಲಿಗೆ ಹರಿಯುವ ನೋವು ಬರುತ್ತದೆಂದು ತೋರಿಸಿದರು. ಅದು ನಿಜವಾದ ಶೋಧ. ಆದರೆ ಅಲ್ಲಿಂದಾಚೆಗೆ ಎಲ್ಲ ಬೆನ್ನುನೋವಿಗೂ ಬಿಲ್ಲೆಯೇ ಅಪರಾಧಿಯೆಂಬ ಭಾವನೆ ಬೆಳೆಯಿತು. ಎಂ.ಆರ್.ಐ. ಯಂತ್ರ ಬಂದ ಮೇಲೆ ಬಿಲ್ಲೆಗಳನ್ನು ನೇರವಾಗಿ ಕಾಣುವಂತಾಯಿತು. ನೋವೇ ಇಲ್ಲದವರಲ್ಲಿಯೂ ಅವು ಸವೆದಿದ್ದುದು ಕಂಡಿತು. 2015ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ನೋವಿಲ್ಲದ ಇಪ್ಪತ್ತರ ಹರೆಯದವರಲ್ಲಿಯೇ ನೂರಕ್ಕೆ 37 ಮಂದಿಯಲ್ಲಿಯೂ, ಎಂಬತ್ತರ ವೃದ್ಧರಲ್ಲಿ ನೂರಕ್ಕೆ 96 ಮಂದಿಯಲ್ಲಿಯೂ ಬಿಲ್ಲೆಯ ಸವೆತವಿತ್ತು. ತಲೆ ನರೆತಂತೆ ಬಿಲ್ಲೆಯೂ ನರೆಯುತ್ತದೆ. ಚಿತ್ರದಲ್ಲಿ ಸವೆತ ಕಂಡಿತೆಂದು ಕಂಗೆಡುವುದಕ್ಕೆ ಕಾರಣವಿಲ್ಲ. ಹೊರಚಾಚಿದ ಬಿಲ್ಲೆ ಕೂಡ ಎಷ್ಟೋ ಸಲ ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ.

ನಡು ಹಿಡಿದುಕೊಂಡಾಗ ಹಲಗೆಯ ಮೇಲೆ ವಾರಗಟ್ಟಲೆ ಅಲುಗಾಡದೆ ಮಲಗಬೇಕೆಂಬ ಚಿಕಿತ್ಸೆ ಹಿಂದೆ ಎಲ್ಲೆಡೆ ಇತ್ತು. 1986ರಲ್ಲಿ ಅಮೆರಿಕದಲ್ಲಿ ಕೆಲವು ರೋಗಿಗಳಿಗೆ ಎರಡು ದಿನ, ಕೆಲವರಿಗೆ ಏಳು ದಿನ ವಿಶ್ರಾಂತಿ ವಿಧಿಸಿ ಹೋಲಿಸಿದಾಗ, ಹೆಚ್ಚು ಮಲಗಿದವರಿಗೆ ಹೆಚ್ಚಿನ ಗುಣವೇನೂ ಸಿಗಲಿಲ್ಲ; ಕೆಲಸದ ದಿನಗಳು ಮಾತ್ರ ನಷ್ಟವಾದುವು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ನಗರದ ನೌಕರರಲ್ಲಿ ಒಂದು ಗುಂಪನ್ನು ಮಲಗಿಸಿ, ಇನ್ನೊಂದಕ್ಕೆ ವ್ಯಾಯಾಮ ಕೊಟ್ಟು, ಮೂರನೆಯದನ್ನು ನೋವು ತಾಳುವಷ್ಟರಮಟ್ಟಿಗೆ ನಿತ್ಯದ ಕೆಲಸಗಳಲ್ಲಿಯೇ ಬಿಡಲಾಯಿತು. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು. ಹಾಸಿಗೆ ಹಿಡಿದವರು ಎಲ್ಲರಿಗಿಂತ ಹಿಂದೆ.

ಆದುದರಿಂದ ಕತ್ತು ಉಳುಕಿದಾಗಲೂ ನಡು ಹಿಡಿದಾಗಲೂ ಮೊದಲ ಒಂದೆರಡು ದಿನ ತೀವ್ರವಾಗಿದ್ದರೆ ಮಲಗಿ. ಮಂಡಿಗಳ ಕೆಳಗೆ ದಿಂಬಿಟ್ಟುಕೊಂಡರೆ ಸೊಂಟಕ್ಕೆ ಹಿತ. ಬಿಸಿನೀರಿನ ಶಾಖ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಬಳಿಕ ಎದ್ದು ಮನೆಯೊಳಗಾದರೂ ನಡೆಯಿರಿ. ನೋವು ಸಂಪೂರ್ಣ ಹೋಗಲೆಂದು ಕಾಯಬೇಡಿ. ಹೆಚ್ಚಿನವರ ನೋವು ಕೆಲವು ವಾರಗಳಲ್ಲಿ ಇಳಿಯುತ್ತದೆ. ನುಣುಪುಗಾರರ ಬಳಿಗೆ ಹೋಗಿ ಕತ್ತನ್ನು ‘ಲಟಕ್’ ಎನ್ನಿಸಿಕೊಳ್ಳುವ ಅಭ್ಯಾಸ ಮಾತ್ರ ಬೇಡ: ಕತ್ತಿನ ಮಣಿಗಳೊಳಗಿನಿಂದಲೇ ಮಿದುಳಿಗೆ ರಕ್ತನಾಳಗಳು ಏರಿಹೋಗುತ್ತವೆ, ಒಮ್ಮೆಲೇ ತಿರುಚಿದಾಗ ಅವಕ್ಕೆ ಪೆಟ್ಟಾಗುವುದು ಅಪರೂಪವಾದರೂ ಆದಾಗ ಘೋರ.

ನಿತ್ಯದ ಆರೈಕೆಗೆ ದೊಡ್ಡ ಸಲಕರಣೆ ಬೇಕಿಲ್ಲ. ಓದುವಾಗ ಪುಸ್ತಕವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡುವ ಬದಲು, ಹಿಂದಿನವರು ವ್ಯಾಸಪೀಠದ ಮೇಲೆ ಗ್ರಂಥವನ್ನಿಟ್ಟು ಓದುತ್ತಿದ್ದಂತೆ, ಓರೆಯಾಗಿ ಎತ್ತರಿಸಿಕೊಂಡರೆ ಕತ್ತು ಬಾಗುವುದು ಕಡಿಮೆಯಾಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬನ್ನಿ. ಗದ್ದವನ್ನು ಬಗ್ಗಿಸದೆ ತಲೆಯನ್ನು ನೇರವಾಗಿ ಹಿಂದಕ್ಕೆ ಸರಿಸಿ ಐದೆಣಿಸುವವರೆಗೆ ನಿಲ್ಲಿಸಿ ಬಿಡುವುದು, ಎರಡೂ ಹೆಗಲುಗಳನ್ನು ಹಿಂದಕ್ಕೆ ಸೇರಿಸಿ ಬಿಡುವುದು ಕತ್ತಿಗೆ ಒಳ್ಳೆಯದು. ಸೊಂಟಕ್ಕಾದರೆ ಅಂಗಾತ ಮಲಗಿ ಮಂಡಿಗಳನ್ನು ಮಡಿಸಿ, ಪೃಷ್ಠವನ್ನು ಮೆಲ್ಲನೆ ಮೇಲೆತ್ತಿ ಇಳಿಸಬೇಕು. ಹತ್ತು ಸಲ ಸಾಕು. ಚೀಲವನ್ನು ಎರಡೂ ಹೆಗಲಿಗೆ ಹಾಕಿ, ಪಟ್ಟಿಗಳನ್ನು ಬಿಗಿದು, ಭಾರವಾದ ಪುಸ್ತಕವನ್ನು ಬೆನ್ನಿಗೆ ತಾಗುವಂತೆ ಇಡಬೇಕು. ಕಾರಣವನ್ನು ಮೇಲಿನ ಲೆಕ್ಕದಲ್ಲಿಯೇ ನೋಡಿದ್ದೇವೆ.

ಯೋಗಾಸನಗಳ ಮಾತು ಮೈಸೂರಿನಲ್ಲಿ ಬಾರದಿರುವುದಿಲ್ಲ. ಟಿ. ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಬೋಧಿಸಿದರು. ಅವರ ‘ಯೋಗ ಮಕರಂದ’ ಕನ್ನಡದಲ್ಲಿ ಹೊರಬಂದುದು 1934ರಲ್ಲಿ. ಬೆನ್ನುನೋವಿನ ಚಿಕಿತ್ಸೆಗಾಗಿ ಇಂದು ಪ್ರಪಂಚದಲ್ಲೆಲ್ಲ ಹೆಸರಾಗಿರುವ ಬಿ. ಕೆ. ಎಸ್. ಅಯ್ಯಂಗಾರ್ಯರ ಪದ್ಧತಿಯ ಮೂಲವೂ ಅಲ್ಲಿಯೇ ಇದೆ. ದೀರ್ಘಕಾಲದ ಸೊಂಟನೋವಿನಲ್ಲಿ ಯೋಗದ ಪ್ರಯೋಗಗಳನ್ನು 2017ರಲ್ಲಿ ವಿಮರ್ಶಿಸಿದಾಗ, ಏನೂ ವ್ಯಾಯಾಮ ಮಾಡದವರಿಗಿಂತ ಯೋಗ ಮಾಡಿದವರಿಗೆ ಸ್ವಲ್ಪಮಟ್ಟಿನ, ಆದರೆ ನಿಜವಾದ ಪ್ರಯೋಜನ ಕಂಡಿತು; ಬೇರೆ ವ್ಯಾಯಾಮಗಳಿಗಿಂತ ಅದು ಮೇಲೆಂದು ಕಂಡುಬರಲಿಲ್ಲ. ಯಾವುದು ನಿಮಗೆ ದಿನವೂ ಮಾಡುವಷ್ಟು ಇಷ್ಟವೋ ಅದನ್ನು ಮಾಡಿ. ನಾರಾಯಣ್ ಅವರಿಗೆ ಇಷ್ಟವಾಗಿದ್ದುದು ಮೈಸೂರಿನ ಬೀದಿಗಳಲ್ಲಿ ನಿತ್ಯವೂ ನಡೆಯುವುದು. ಅದಕ್ಕಿಂತ ಅಗ್ಗವಾದ ವ್ಯಾಯಾಮವಿಲ್ಲ.

ತಾನಾಗಿ ಇಳಿಯಲೆಂದು ಕಾಯಬಾರದ ನೋವುಗಳೂ ಕೆಲವುಂಟು. ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಕಾಲಿನಲ್ಲಿ ಶಕ್ತಿಗುಂದುವುದು, ತೊಡೆಗಳ ಸಂದಿನಲ್ಲಿ ಸ್ಪರ್ಶ ತಿಳಿಯದಾಗುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇವುಗಳೊಂದಿಗೆ ವಾರಗಟ್ಟಲೆ ಬಿಡದ ನೋವಿದ್ದರೆ ಬೆನ್ನೆಲುಬಿನ ಕ್ಷಯವನ್ನು ಶಂಕಿಸಬೇಕು. ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ ಈ ರೋಗ ನಮ್ಮ ದೇಶದಲ್ಲಿ ಇನ್ನೂ ಇದೆ. ಅದು ಮಣಿಯನ್ನೇ ತಿಂದು ಕುಸಿಯುವಂತೆ ಮಾಡುವುದರಿಂದ, ಚೀಲ ಎಂದೂ ತರಲಾರದ ನಿಜವಾದ ಗೂನನ್ನು ತರಬಲ್ಲುದು. ಯಾದವಗಿರಿಯಿಂದ ಬಹುದೂರವಿಲ್ಲದ ಕೃಷ್ಣರಾಜಸಾಗರ ರಸ್ತೆಯಲ್ಲಿ, ಕ್ಷಯದಿಂದ ತೀರಿಕೊಂಡ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆರೋಗ್ಯಧಾಮವೊಂದನ್ನು ಕಟ್ಟಿಸಿದ ಕಾಲದಲ್ಲಿ ಈ ರೋಗಕ್ಕೆ ಒಳ್ಳೆಯ ಗಾಳಿ, ಆಹಾರ, ವಿಶ್ರಾಂತಿಗಳ ಹೊರತು ಬೇರೆ ಮದ್ದಿರಲಿಲ್ಲ. ಈಗ ಮಾತ್ರೆಗಳಿವೆ. ಅವು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಮಣಿ ಕುಸಿಯುವ ಮೊದಲೇ ಆರಂಭಿಸಿ, ವೈದ್ಯರು ಹೇಳಿದಷ್ಟು ತಿಂಗಳು ಬಿಡದೆ ತೆಗೆದುಕೊಂಡರೆ ಬಹುತೇಕ ರೋಗಿಗಳು ಗುಣಹೊಂದುತ್ತಾರೆ.